ಟೀವಿಯಲ್ಲಿ ಬಂದ ಅರ್ಧ ಮಾತು

ಲಿಪ್ಕಾ ಊರಿನ ಗಂಡಸರು ಭಾನುವಾರವೊಂದನ್ನು ಬಿಟ್ಟು ದಿನಾ ಬೆಳಿಗ್ಗೆ ರೋವೇನಾಳ ಕಾಫಿ ಅಂಗಡಿಯ ಉದ್ದ ಮೇಜಿಗೆ ಕೂತು ಕೆನಡಾ ದೇಶವನ್ನು ಸರಿಮಾಡುತ್ತಿದ್ದರು. ಅವರು ಎದ್ದುಹೋದ ಮೇಲೆ ರಾಜಧಾನಿ ಒಟ್ಟಾವಾದವರು ಅದನ್ನು ಮತ್ತೆ ಕೆಡಿಸುತ್ತಿದ್ದರು. ಹಾಗಾಗಿ ಮರುದಿನವೂ ಬರಬೇಕಾಗುತ್ತಿತ್ತು. ಗೋಡೆಯ ಮೇಲೆ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೆ ಒಬ್ಬೊಬ್ಬರ ಕಪ್ಪು. ಆ ದಿನದ ಕಾಫಿ ಯಾರ ತಲೆಗೆ ಎಂಬುದನ್ನು ಚರ್ಮದ ಲೋಟದಲ್ಲಿ ದಾಳ ಕುಲುಕಿ ತೀರ್ಮಾನಿಸುತ್ತಿದ್ದರು. ದೇಶದ ವಿಷಯವನ್ನು ಮಾತ್ರ ಯಾರ ಗಂಟಲು ದೊಡ್ಡದೋ ಅವರು ತೀರ್ಮಾನಿಸುತ್ತಿದ್ದರು.

ಗಂಟಲು ದೊಡ್ಡದಿದ್ದದ್ದು ಲಾಯ್ಡ್ ಮೆಕಾಸ್ಕಿಲ್‌ನದು. ಊರಿನ ಪೂರ್ವಕ್ಕೆ ಅವನ ಕನೋಲಾ ಎಣ್ಣೆಕಾಳಿನ ಹೊಲಗಳು.

“ಅಮೆರಿಕದೋನು ನಮಗೆ ಸುಂಕ ಹಾಕಿದ. ನಾವು ತಿರುಗಿ ಹಾಕಿದ್ವಿ. ಅಷ್ಟರಲ್ಲಿ ಚೀನಾದೋನು ಬಂದು ನಮ್ಮ ಕನೋಲಾ ಎಣ್ಣೆಗೆ ಹಾಕಿದ. ಮಧ್ಯ ಸಿಕ್ಕಿಹಾಕ್ಕೊಂಡೋನು ಯಾರು? ನಾನು! ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?”

“ನಿನ್ನ ಹೆಂಡ್ತಿನೇ ಕೇಳಲ್ಲ, ಚೀನಾದೋನು ಕೇಳ್ತಾನಾ?” ಎಂದ ಹಾರ್ವಿ. ಹಾರ್ವಿ ಧಾನ್ಯ ಖರೀದಿಯ ಕೆಲಸದಲ್ಲಿದ್ದು ನಿವೃತ್ತನಾದವನು. ಇಡೀ ಜನ್ಮ ರೈತರ ಗೋಳು ಕೇಳಿ ಕೇಳಿ ಅವನಿಗೆ ಯಾವ ಗೋಳೂ ನಾಟುತ್ತಿರಲಿಲ್ಲ. “ಇಂಧನದ ಮೇಲಿದ್ದ ಇಂಗಾಲದ ತೆರಿಗೆ ತೆಗೆದ್ರಲ್ಲ, ಅದಕ್ಕಾದ್ರೂ ಖುಷಿಪಡು.”

“ಏನು ಖುಷಿ? ಅಷ್ಟು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಅದನ್ನ ಬೈದು ಅಭ್ಯಾಸ ಆಗಿತ್ತು. ಈಗ ಎದ್ದು ಏನನ್ನ ಬೈಯ್ಲಿ? ಆಮೇಲೆ, ಅದರಲ್ಲಿ ಸರ್ಕಾರ ಮನೆಮನೆಗೆ ವಾಪಸ್ ದುಡ್ಡು ಹಾಕ್ತಿತ್ತಲ್ಲ, ಅದೂ ನಿಲ್ತದಂತೆ. ಕಳ್ಳರು!”

ಮೇಜಿನವರೆಲ್ಲ ಒಪ್ಪುತ್ತಿದ್ದ ವಿಷಯ ಒಂದೇ ಒಂದು: ಟೀವಿಯವರು ಸುಳ್ಳುಬುರುಕರು.

“ಸರ್ಕಾರದ ದುಡ್ಡಲ್ಲಿ ಉಣ್ಣೋ ಬಾಯಿ ಸರ್ಕಾರಾನ ಬೈಯುತ್ತಾ?” ಎನ್ನುತ್ತಿದ್ದ ಲಾಯ್ಡ್.

“ಅವರು ಸರ್ಕಾರದ ದುಡ್ಡು ತಿಂತಾರೆ ಅಂತ ನಿನಗ್ಯಾರು ಹೇಳಿದ್ದು?”

“ಟೀವಿಲೇ ಬಂತು.”

ಮೇಜಿನ ತುದಿಯಲ್ಲಿ ಕೂರುತ್ತಿದ್ದ ಒರೆಸ್ಟ್ ಡಾನಿಲ್ಚುಕ್ ಮೊದಲೆಲ್ಲ ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ಮೇಜು ಕುಟ್ಟುತ್ತಿದ್ದ. ಈಗ ಒಂದು ವರ್ಷದಿಂದ ಸುಮ್ಮನೆ ಕಪ್ಪಿನೊಳಕ್ಕೆ ನೋಡುತ್ತಿದ್ದ. ಹೆಂಡತಿ ಪಾಲಿನ್ ತೀರಿಕೊಂಡ ದುಃಖ ಎಂದು ಗೆಳೆಯರು ತಿಳಿದಿದ್ದರು. ಅದೂ ಹೌದು. ಆದರೆ ಆ ದುಃಖದ ಜೊತೆಗೆ ಇನ್ನೊಂದು ಸಂಕಟ ಇತ್ತು, ಅದನ್ನು ಅವನು ತಾನೇ ತಂದುಕೊಂಡಿದ್ದ.

ಪಾಲಿನ್‌ಳನ್ನು ಮಣ್ಣು ಮಾಡಿ ಬಂದು ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊಟಕ್ಕೆ ಕೂತಿದ್ದಾಗ ಒರೆಸ್ಟ್‌ನ ಅಕ್ಕ ಸ್ಟೆಫಾನಿಯಾ, ಅವನ ಮನಸ್ಸನ್ನು ಬೇರೆ ಕಡೆ ತಿರುಗಿಸೋಣವೆಂದೇ ಇರಬೇಕು, ಇಂಗಾಲದ ತೆರಿಗೆಯ ಮಾತು ತೆಗೆದಳು. ಕಟ್ಟಿದ್ದಕ್ಕಿಂತ ವಾಪಸ್ ಬರುವುದೇ ಹೆಚ್ಚಂತೆ, ಟೀವಿಯಲ್ಲಿ ಲೆಕ್ಕ ತೋರಿಸಿದರು ಎಂದಳು. ಎಲೆಕೋಸಿನ ಸುರುಳಿಯನ್ನು ಬಾಯಿಗಿಡಲಾರದೆ ಕೂತಿದ್ದ ಒರೆಸ್ಟ್‌ಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ದೇವರ ಮೇಲೆ ತೋರಿಸಲಾಗದ ಸಿಟ್ಟನ್ನು ಮನುಷ್ಯ ಹತ್ತಿರ ಕೂತವರ ಮೇಲೆ ತೋರಿಸುತ್ತಾನೆ. “ಟೀವಿಯೋರೆಲ್ಲ ಸುಳ್ಳುಬುರುಕರು, ಅವರನ್ನ ನಂಬೋರಿಗೆ ತಲೆಯಲ್ಲಿ ಹೊಟ್ಟು ಬಿಟ್ರೆ ಏನಿಲ್ಲ” ಎಂದು ಹಾಲ್ ಪೂರ್ತಿ ಕೇಳುವಂತೆ ಕೂಗಿದ.

ಸ್ಟೆಫಾನಿಯಾ ಚಮಚ ಕೆಳಗಿಟ್ಟಳು. ಕೈಚೀಲ ತೆಗೆದುಕೊಂಡಳು. “ಅದೇ ಟೀವಿಲಿ ನಿಂತು ಈ ಮಾತನ್ನ ಯಾವತ್ತು ವಾಪಸ್ ತಗೋತೀಯೋ ಅವತ್ತು ಬರ್ತೀನಿ” ಎಂದು ಹೇಳಿ ಸಾಸ್ಕಟೂನ್ ನಗರದ ತನ್ನ ಮನೆಗೆ ಹೊರಟುಹೋದಳು.

ಪಾಲಿನ್ ತೀರಿದ ನಲವತ್ತನೇ ದಿನದ ಪ್ರಾರ್ಥನೆಗೆ ಅವಳು ಬರಲಿಲ್ಲ. ಅವಳು ಬರದಿದ್ದರೆ ಆಗುವ ತೊಂದರೆ ಸಣ್ಣದಲ್ಲ. ಲಿಪ್ಕಾದ ಉಕ್ರೇನಿಯನ್ ಚರ್ಚಿನಲ್ಲಿ ಪಾದ್ರಿ ಒಂದು ಸಾಲು ಹಾಡಬೇಕು, ಜನ ಅದಕ್ಕೆ ಹಾಡಿನಲ್ಲೇ ಉತ್ತರ ಕೊಡಬೇಕು. ಆ ಉತ್ತರವನ್ನು ಎತ್ತಿಕೊಡುವವಳು ನಲವತ್ತು ವರ್ಷದಿಂದ ಸ್ಟೆಫಾನಿಯಾ, ನಗರಕ್ಕೆ ಮನೆ ಬದಲಾಯಿಸಿದ ಮೇಲೂ ಅವಳೇ. ಉಳಿದಿರುವ ಮುದುಕರಿಗೆ ಸಾಲುಗಳು ಗೊತ್ತು, ಎತ್ತಿಕೊಳ್ಳುವ ಧೈರ್ಯವಿಲ್ಲ. ಆ ನಲವತ್ತನೇ ದಿನ ಫಾದರ್ ಬೊಹ್ದಾನ್ ಒಂದು ಸಾಲು ಹಾಡಿ, ಕಾದು, ಕೆಮ್ಮಿ, ಕೊನೆಗೆ ಉತ್ತರವನ್ನೂ ತಾವೇ ಹಾಡಿದರು. ಖಾಲಿ ಅಂಗಡಿಯಲ್ಲಿ ತಾನೇ ಬೆಲೆ ಕೇಳಿ ತಾನೇ ಹೇಳಿಕೊಳ್ಳುವವನ ಹಾಗಿತ್ತು. ಪಾಲಿನ್‌ಗೆ ಇದು ತಲುಪಿತೋ ಇಲ್ಲವೋ ಎಂದು ಒರೆಸ್ಟ್‌ಗೆ ಆಮೇಲೆ ನೆಮ್ಮದಿಯೇ ಇರಲಿಲ್ಲ. “ನನಗೆ ಸ್ಟೆಫಾ ಹಾಡ್ಬೇಕು, ಬೊಹ್ದಾನ್ ಫಾದರ್ ಗಂಟಲು ಬೇಡಪ್ಪ” ಎಂದು ಅವಳು ಆಸ್ಪತ್ರೆಯ ಹಾಸಿಗೆಯಲ್ಲಿ ನಗುತ್ತಾ ಹೇಳಿದ್ದಳು.

ಈಗ ವರ್ಷದ ಪ್ರಾರ್ಥನೆ ಬರುತ್ತಿತ್ತು, ಚುನಾವಣೆ ಮುಗಿದ ಮೊದಲನೇ ಶನಿವಾರ.

ಅವನು ಕ್ಷಮೆ ಕೇಳದೆ ಇರಲಿಲ್ಲ. ಫೋನಿನಲ್ಲಿ ಕೇಳಿದ್ದ. “ಅಂದದ್ದು ಹಾಲ್ ತುಂಬ ಜನರ ಮುಂದೆ, ವಾಪಸ್ ತಗೊಳ್ಳೋದು ನನ್ನೊಬ್ಬಳ ಕಿವಿಯೊಳಗಾ?” ಎಂದಿದ್ದಳು. ಪಿಕಪ್ ಹೊಡೆದುಕೊಂಡು ಅವಳ ಮನೆಗೇ ಹೋಗಿದ್ದ. ಅವಳು ಚಹಾ ಕೊಟ್ಟಳು, ಗಸಗಸೆ ರೊಟ್ಟಿ ಕೊಟ್ಟಳು, ಅವನ ಅಂಗಿಯ ಗುಂಡಿ ಹೊಲಿದುಕೊಟ್ಟಳು, ಹೊರಡುವಾಗ ಬಾಗಿಲವರೆಗೂ ಬಂದು, “ಟೀವಿಲಿ ಹೇಳು” ಎಂದಳು.

ಏಪ್ರಿಲ್ ತಿಂಗಳು. ಹಿಮ ಕರಗಿ ರಸ್ತೆಗಳೆಲ್ಲ ಕೆಸರಾಗಿ, ಬಿತ್ತನೆ ಇನ್ನೂ ಶುರುವಾಗದೆ, ಗಂಡಸರಿಗೆ ಮಾತು ಬಿಟ್ಟರೆ ಬೇರೆ ಕೆಲಸವಿಲ್ಲದ ಕಾಲ. ಒಂದು ಬೆಳಿಗ್ಗೆ ರೋವೇನಾ ಕಾಫಿ ಹಾಕುತ್ತಾ ಹೇಳಿದಳು: “ಟೊರೊಂಟೊದಿಂದ ಟೀವಿಯವರು ಫೋನ್ ಮಾಡಿದ್ರು. ಚುನಾವಣೆಗೆ ಹಳ್ಳಿ ಜನ ಏನಂತಾರೆ ಅಂತ ತೋರಿಸ್ಬೇಕಂತೆ. ಗುರುವಾರ ಬರ್ತಾರಂತೆ. ನಿಮ್ಮ ಮೇಜಿಗೇ.”

ಎಲ್ಲರೂ ಲಾಯ್ಡ್‌ನ ಕಡೆ ತಿರುಗಿದರು.

“ಬರ್ಲಿ, ಬರ್ಲಿ!” ಎಂದು ಲಾಯ್ಡ್ ಎದೆ ಉಬ್ಬಿಸಿದ. “ಕ್ಯಾಮರಾದೊಳಕ್ಕೇ ಕೈ ಹಾಕಿ ನಾಲಿಗೆ ಎಳೀತೀನಿ. ಒಂದೊಂದು ಸುಳ್ಳಿಗೂ ಲೆಕ್ಕ ಕೇಳ್ತೀನಿ.”

ಒರೆಸ್ಟ್ ಕಪ್ಪಿನಿಂದ ತಲೆ ಎತ್ತಿದ. ದೇವರು ಕೆಲವು ಸಲ ಬಾಗಿಲನ್ನು ತೆರೆಯುವುದಷ್ಟೇ ಅಲ್ಲ, ಕುರ್ಚಿ ಹಾಕಿ ಮೈಕನ್ನೂ ಕೈಗೆ ಕೊಡುತ್ತಾನೆ ಎಂದು ಅವನಿಗೆ ಅನ್ನಿಸಿತು. ಆದರೆ ಆ ಕುರ್ಚಿಯ ಎರಡೂ ಪಕ್ಕದಲ್ಲಿ ಲಾಯ್ಡ್, ಹಾರ್ವಿ ಕೂತಿರುತ್ತಾರಲ್ಲ! ಅವರೆದುರು ಟೀವಿಯವರು ಸುಳ್ಳುಬುರುಕರಲ್ಲ ಎಂದು ಹೇಳಿದರೆ ಈ ಊರಿನಲ್ಲಿ ಮತ್ತೆ ಕಾಫಿ ಕುಡಿಯುವುದು ಹೇಗೆ?

ಗುರುವಾರದವರೆಗೂ ಅವನು ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನಿಂತು ಹೇಳಬೇಕಾದ್ದನ್ನು ಅಭ್ಯಾಸ ಮಾಡಿದ. ಟ್ರ್ಯಾಕ್ಟರ್ ಕೇಳಿಸಿಕೊಂಡಿತು. ಏನೂ ಅನ್ನಲಿಲ್ಲ.

ಗುರುವಾರ ಬೆಳಿಗ್ಗೆ ಅಂಗಡಿಗೆ ಬಂದರೆ ಅವನಿಗೆ ತನ್ನ ಗೆಳೆಯರ ಗುರುತೇ ಹತ್ತಲಿಲ್ಲ. ಟೀವಿಯ ನಾಲಿಗೆ ಎಳೆಯುವವನಾಗಿದ್ದ ಲಾಯ್ಡ್ ಮಗಳ ಮದುವೆಯ ಟೈ ಕಟ್ಟಿಕೊಂಡಿದ್ದ. ಹಾರ್ವಿ ತಲೆಗೂದಲು ಕತ್ತರಿಸಿಕೊಂಡು ಬಂದಿದ್ದ. ಬೀಜದ ಕಂಪನಿಗಳ ಟೋಪಿಗಳನ್ನು ಎಲ್ಲರೂ ತೆಗೆದಿಟ್ಟಿದ್ದರು. ಟೋಪಿಯ ಕೆಳಗೆ ಎಂದೂ ಬಿಸಿಲು ಕಾಣದ ಹಣೆಗಳು ಬಸಿದ ಮೊಸರಿನ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು.

ವರದಿಗಾರ್ತಿಯ ಹೆಸರು ಮೆರೆಡಿತ್. ಮೊಮ್ಮಗಳ ವಯಸ್ಸು, ಬೂಟಿಗೆ ಮೊಣಕಾಲವರೆಗೂ ಲಿಪ್ಕಾದ ಕೆಸರು. “ನಾವು ಇಲ್ಲಿ ಇಲ್ಲ ಅಂದ್ಕೊಳ್ಳಿ. ದಿನಾ ಹೇಗೆ ಜಗಳ ಆಡ್ತೀರೋ ಹಾಗೇ ಆಡಿ” ಎಂದಳು.

ಹಾರ್ವಿ ಲಾಯ್ಡ್‌ಗೆ ಸಕ್ಕರೆ ದಾಟಿಸಿದ. “ಥ್ಯಾಂಕ್ಸ್” ಎಂದ ಲಾಯ್ಡ್. ಮೂವತ್ತು ವರ್ಷದಲ್ಲಿ ಆ ಮೇಜಿನ ಮೇಲೆ ಆ ಮಾತು ಕೇಳಿಬಂದದ್ದು ಅದೇ ಮೊದಲು.

“ಸುಂಕದ ವಿಷಯದಲ್ಲಿ ನಿಮ್ಮ ಅಭಿಪ್ರಾಯ?”

“ಅವರವರಿಗೆ ಅವರವರ ಕಷ್ಟ ಇರುತ್ತೆ” ಎಂದ ಲಾಯ್ಡ್. “ಚೀನಾದೋರಿಗೂ ಇರುತ್ತೆ.”

“ಮಾಧ್ಯಮದವರನ್ನ ನಂಬ್ತೀರಾ?”

ಲಾಯ್ಡ್‌ನ ಬಿಳಿ ಹಣೆ ಬೆವರಿತು. “ನೀವು ಪಾಪ ಅಷ್ಟು ದೂರದಿಂದ ಬಂದಿದ್ದೀರಿ” ಎಂದ. “ಒಂದು ದಾಲ್ಚಿನ್ನಿ ಬನ್ ತಿನ್ನಿ. ರೋವೇನಾ, ಬೆಣ್ಣೆ ಜಾಸ್ತಿ ಹಾಕು.”

ಕ್ಯಾಮರಾದವನು ಆಕಳಿಸಿದ. ಮೆರೆಡಿತ್ ಮೈಕನ್ನು ಮೇಜಿನ ತುದಿಗೆ ತಿರುಗಿಸಿದಳು. “ನೀವು, ಸಾರ್?”

ಒರೆಸ್ಟ್ ಎದ್ದು ನಿಂತ. ಕೂತೇ ಮಾತಾಡಿ ಎಂದರೂ ಕೂರಲಿಲ್ಲ. ಚರ್ಚಿನಲ್ಲಿ ನಿಲ್ಲುವ ಹಾಗೆ ಕೈ ಕಟ್ಟಿಕೊಂಡು ನೆಟ್ಟಗೆ ಕ್ಯಾಮರಾವನ್ನೇ ನೋಡಿದ.

“ಟೀವಿಯೋರೆಲ್ಲ ಸುಳ್ಳುಬುರುಕರು.” ಅಷ್ಟು ಹೇಳಿ ಉಸಿರೆಳೆದುಕೊಂಡ. “ಇದು ಹೋದ ವರ್ಷ ನನ್ನ ಹೆಂಡ್ತಿ ಪಾಲಿನ್‌ನ ಮಣ್ಣು ಮಾಡಿದ ದಿನ ನಾನಾಡಿದ ಮಾತು. ಆ ಮಾತು ತಪ್ಪು. ನಿಮ್ಮಲ್ಲಿ ನಿಜಾನೂ ಇದೆ, ಸುಳ್ಳೂ ಇದೆ, ನಮ್ಮ ಈ ಮೇಜಿನ ಹಾಗೇ. ಸುಳ್ಳು ನಮ್ಮ ಮೇಜಲ್ಲೇ ಒಂದು ಹಿಡಿ ಜಾಸ್ತಿ ಇದ್ರೂ ಇರಬಹುದು. ನಮ್ಮಕ್ಕನ ತಲೆಯಲ್ಲಿ ಹೊಟ್ಟಿಲ್ಲ, ಇದ್ದದ್ದು ನನ್ನ ತಲೆಯಲ್ಲಿ. ಸ್ಟೆಫಾ, ಮಾತು ವಾಪಸ್ ತಗೊಂಡಿದೀನಿ. ವರ್ಷದ ಪ್ರಾರ್ಥನೆಗೆ ಬಂದು ಹಾಡು.”

ರೋವೇನಾ ಏಪ್ರನ್‌ನಲ್ಲಿ ಕಣ್ಣೊರೆಸಿಕೊಂಡಳು. ಮೆರೆಡಿತ್‌ಳ ಕಣ್ಣೂ ಒದ್ದೆಯಾಯಿತು. ಟೀವಿಯವರಿಬ್ಬರೂ ವಾಹನ ಹತ್ತಿ ಹೋದ ಮೇಲೆ ಮೇಜಿನವರು ಟೋಪಿ ಹಾಕಿಕೊಂಡು ತಾವಾದರು.

“ಎಷ್ಟು ಕೊಟ್ರು ನಿನಗೆ?” ಎಂದ ಲಾಯ್ಡ್.

“ಯಾರು?”

“ಒಟ್ಟಾವಾದೋರು. ಒಂದು ಹಿಡಿ ಜಾಸ್ತಿ ಅಂತೆ! ನಮ್ಮ ಮೇಜಲ್ಲಿ!”

“ದಾಳ ಗೀಳ ಏನೂ ಬೇಡ” ಎಂದ ಹಾರ್ವಿ. “ಇನ್ಮೇಲೆ ದಿನಾ ಕಾಫಿ ಇವನದೇ. ಟೀವಿ ಕಡೆಯೋರಿಗೆ ಸರ್ಕಾರದ ದುಡ್ಡು ಬರುತ್ತಲ್ಲ.”

ಒರೆಸ್ಟ್ ಬೈಸಿಕೊಂಡ. ಇಷ್ಟಕ್ಕೆ ಅಕ್ಕ ಬರುವುದಾದರೆ ಇದು ಅಗ್ಗವೇ ಎಂದು ಲೆಕ್ಕ ಹಾಕಿಕೊಂಡ.

ಭಾನುವಾರ ರಾತ್ರಿಯ ವಾರ್ತೆಯಲ್ಲಿ ಲಿಪ್ಕಾ ಬಂತು. ಟೀವಿಯನ್ನು ನಂಬದವರೆಲ್ಲ ಆ ಹೊತ್ತಿಗೆ ರೋವೇನಾಳ ಅಂಗಡಿಯಲ್ಲಿ ಹಾಜರಿದ್ದರು. ಮೊದಲು ಕೆಸರಿನ ರಸ್ತೆ. ಆಮೇಲೆ ಮೊಳೆಯಲ್ಲಿ ತೂಗುವ ಕಪ್ಪುಗಳು. ಮೆರೆಡಿತ್‌ಳ ದನಿ: “ಇಲ್ಲಿನ ಜನರಲ್ಲಿ ಸಿಟ್ಟು ಇನ್ನೂ ಆರಿಲ್ಲ.” ಪರದೆಯ ತುಂಬ ಒರೆಸ್ಟ್, ಕೈ ಕಟ್ಟಿಕೊಂಡು.

“ಟೀವಿಯೋರೆಲ್ಲ ಸುಳ್ಳುಬುರುಕರು.”

ಅಷ್ಟೇ. ಮರುಕ್ಷಣ ಹುಲ್ಲು ಮೇಯುವ ಹಸುಗಳು ಬಂದವು. ಆಮೇಲೆ ಸಮುದ್ರತೀರದ ಯಾವುದೋ ಊರಿನ ಮೀನುಗಾರರ ಅಭಿಪ್ರಾಯ.

ಅಂಗಡಿ ಸಿಳ್ಳೆಯಿಂದ ತುಂಬಿಹೋಯಿತು. ಲಾಯ್ಡ್ ಎದ್ದು ಬಂದು ಒರೆಸ್ಟ್‌ನನ್ನು ಅಪ್ಪಿಕೊಂಡ. “ಭೇಷ್! ಮುಖದ ಮೇಲೆ ಹೊಡೆದ ಹಾಗೆ ಹೇಳಿದೆಯಲ್ಲೋ! ಇಡೀ ದೇಶದ ಎದುರಿಗೆ!”

“ಲಾಯ್ಡ್, ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ನಾನು ಅಂದದ್ದು ಪೂರ್ತಿ ಕೇಳಿದೀಯ. ಆ ಮಾತು ತಪ್ಪು ಅಂದೆ ನಾನು. ಅದಕ್ಕೆ ಮೂರು ದಿನ ನನ್ನ ಬೈದಿದೀಯ.”

“ಬೈದೆ ನಿಜ. ನಾನೇ ತಪ್ಪು ಕೇಳಿಸ್ಕೊಂಡಿರಬೇಕು.” ಲಾಯ್ಡ್ ಪರದೆಯ ಕಡೆ ಬೆರಳು ತೋರಿಸಿದ. “ಈಗ ಟೀವಿಲೇ ಬಂತಲ್ಲ ಮಾರಾಯ, ಅದಕ್ಕಿಂತ ಸಾಕ್ಷಿ ಬೇಕಾ?”

“ಹೌದು ಹೌದು, ನಾವೆಲ್ಲ ಕಣ್ಣಾರೆ ನೋಡಿದ್ವಿ” ಎಂದ ಹಾರ್ವಿ. ಅವನ ಕಣ್ಣಲ್ಲಿ ತುಂಟತನ ಇತ್ತೋ ಇಲ್ಲವೋ ಹೇಳುವುದು ಕಷ್ಟ.

ಒರೆಸ್ಟ್ ಮನೆಗೆ ಬಂದು ದೀಪ ಹಾಕದೆ ಅಡುಗೆಮನೆಯಲ್ಲಿ ಕೂತ. ಮೂಲೆಯ ದೇವರ ಪಟದ ಮುಂದೆ ಪಾಲಿನ್ ಕಸೂತಿ ಹಾಕಿದ ಬಟ್ಟೆ ಇತ್ತು. “ನಾನು ಮಾಡೋದು ಮಾಡಿದೆ” ಎಂದು ಪಟಕ್ಕೆ ಹೇಳಿದ. “ಮಿಕ್ಕಿದ್ದು ನೀನೂ ಕತ್ತರಿಸಿಬಿಟ್ಟರೆ ನಾನೇನು ಮಾಡ್ಲಿ?” ಅಕ್ಕ ಆ ವಾರ್ತೆಯನ್ನು ಒಂದು ದಿನವೂ ತಪ್ಪಿಸುವವಳಲ್ಲ. ಊಟದ ಹಾಲ್‌ನಲ್ಲಿ ಆಡಿದ ಮಾತನ್ನು ಈಗ ಇಡೀ ದೇಶದೆದುರು ಇನ್ನೊಂದು ಸಲ ಆಡಿದಂತಾಯಿತು. ಇನ್ನು ಫಾದರ್ ಬೊಹ್ದಾನ್ ತಾವೇ ಕೇಳಿ ತಾವೇ ಉತ್ತರ ಹೇಳುವುದೇ ಗತಿ.

ಫೋನ್ ಹೊಡೆದುಕೊಂಡಿತು. ಎತ್ತಲೋ ಬೇಡವೋ ಎಂದು ನೋಡಿ ನೋಡಿ ಎತ್ತಿದ.

“ಆಮೇಲೆ ಏನಂದೆ?” ಅಕ್ಕನ ದನಿ.

“ಯಾವ ಆಮೇಲೆ?”

“ನಾಟಕ ಬೇಡ. ಸುಳ್ಳುಬುರುಕರು ಅಂದೆ, ಆಮೇಲೆ ಉಸಿರೆಳ್ಕೊಂಡೆ. ಮಾತು ಮುಗಿಸಿದೋನು ಉಸಿರು ಬಿಡ್ತಾನೆ ಕಣೋ, ಎಳ್ಕೊಳ್ಳಲ್ಲ. ಯಾರು ಎಲ್ಲಿ ಉಸಿರೆಳೀತಾರೆ ಅಂತ ನೋಡ್ಕೊಂಡೇ ನಾನು ಇಷ್ಟು ವರ್ಷ ನಿಮ್ಮನ್ನೆಲ್ಲ ಹಾಡಿಸಿದ್ದು. ನಿನ್ನ ಎದೆ ಮೇಲಕ್ಕೆ ಏಳ್ತಿತ್ತು, ಅಷ್ಟರಲ್ಲಿ ಯಾವನೋ ಹಸು ತೋರಿಸಿದ. ಲಿಪ್ಕಾದಲ್ಲಿ ಹಸು ಯಾರ ಹತ್ರ ಇದೆ?”

“ಯಾರ ಹತ್ರಾನೂ ಇಲ್ಲ.”

“ಮತ್ತೆ? ಏನಂದೆ ಹೇಳು.”

ಒರೆಸ್ಟ್ ಹೇಳಿದ. ಕತ್ತಲೆಯಲ್ಲಿ ಎದ್ದು ನಿಂತು, ಶೆಡ್ಡಿನಲ್ಲಿ ಅಭ್ಯಾಸ ಮಾಡಿದ್ದನ್ನೆಲ್ಲ ಮೊದಲಿನಿಂದ ಹೇಳಿದ.

“ಕೊನೇದು ಇನ್ನೊಂದ್ಸಲ ಹೇಳು.”

“ಯಾವುದು? ಬಂದು ಹಾಡು ಅಂದದ್ದಾ?”

“ಅದಲ್ಲ. ಹೊಟ್ಟು ಯಾರ ತಲೆಯಲ್ಲಿತ್ತು ಅಂದೆಯಲ್ಲ, ಅದು.”

“ನನ್ನ ತಲೆಯಲ್ಲಿ ಅಕ್ಕಾ.”

“ಹೂಂ.” ಅವಳು ಮೂಗು ಸೀನಿದ್ದು ಕೇಳಿಸಿತು. “ಶುಕ್ರವಾರ ಮಧ್ಯಾಹ್ನ ಬಾ. ಬಸ್ಸು ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ನಾನೇನು ನಡ್ಕೊಂಡು ಬರ್ಲಾ? ಮತ್ತೆ ಆ ಪಿಕಪ್‌ನ ಒಳಗೆ ಒರೆಸು. ಹೋದ ಸಲ ನಿನ್ನ ಕೋಟಿಗೆ ಗ್ರೀಸ್ ವಾಸನೆ ಬರ್ತಿತ್ತು.”

ಶುಕ್ರವಾರ ಅವಳು ಹಾಡಿನ ಹಳೇ ಪುಸ್ತಕವನ್ನು ಎದೆಗವಚಿಕೊಂಡು ಪಿಕಪ್ ಹತ್ತಿದಳು. ಸೀಟಿನ ಬೆಲ್ಟು ಹಾಕಿಕೊಳ್ಳುವುದಕ್ಕೂ ಮೊದಲೇ ಶುರುಮಾಡಿದಳು.

“ಸುಳ್ಳುಬುರುಕರು! ಒಬ್ಬ ಮನುಷ್ಯನ ಮಾತನ್ನ ಅರ್ಧಕ್ಕೆ ಕೊಯ್ದು ದೇಶಕ್ಕೆಲ್ಲ ಬಡಿಸ್ತಾರಲ್ಲ! ಇಷ್ಟು ವರ್ಷ ನನಗೆ ಏನೇನು ಅರ್ಧ ಬಡಿಸಿದಾರೋ! ಆ ತೆರಿಗೆ ಲೆಕ್ಕಾನೂ ಅರ್ಧಾನೇ ಇತ್ತೇನೋ!”

“ಹಾಗನ್ಬೇಡ ಅಕ್ಕಾ” ಎಂದ ಒರೆಸ್ಟ್. ತನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ಅವನಿಗೇ ಆಶ್ಚರ್ಯವಾಯಿತು. “ಪಾಪ, ಆ ಹುಡುಗಿ ಒಳ್ಳೇದು. ನನ್ನ ಮಾತು ಕೇಳಿ ಕಣ್ಣಲ್ಲಿ ನೀರು ಹಾಕ್ಕೊಂಡ್ಳು. ಕೊಯ್ದೋನು ಟೊರೊಂಟೊದಲ್ಲಿ ಕೂತ ಬೇರೆ ಯಾವನೋ. ಮೀನುಗಾರರಿಗೂ ಜಾಗ ಬೇಕಿತ್ತು.”

“ಓಹೋ, ಈಗ ನೀನು ಅವರ ಕಡೆಯೋನು!”

“ಯಾರ ಕಡೆಗೂ ಇಲ್ಲ. ಲೆಕ್ಕ ನಿಜಾನೇ ಇದ್ದಿರಬಹುದು ಅಂತೀನಿ ಅಷ್ಟೆ.”

“ನಿಜ ಅಂತೆ! ತಲೆಯಲ್ಲಿ ಹೊಟ್ಟು ಇರೋರೇ ಅದನ್ನ ನಂಬ್ತಾರೆ!”

ನಗರ ದಾಟಿ, ಹೆದ್ದಾರಿ ದಾಟಿ, ಕೆಸರು ರಸ್ತೆಗೆ ಬರುವವರೆಗೂ ಹೀಗೇ ನಡೆಯಿತು. ವರ್ಷವಿಡೀ ಖಾಲಿಯಿದ್ದ ಪಕ್ಕದ ಸೀಟಿನಿಂದ ಬೈಗುಳ ಬರುತ್ತಿದ್ದರೆ ಒರೆಸ್ಟ್‌ಗೆ ಹಿತವಾಗಿತ್ತು. ಅದು ನಿಲ್ಲದಿರಲೆಂದೇ ಅವನು ಮಧ್ಯೆ ಮಧ್ಯೆ ಟೀವಿಯ ಪರವಾಗಿ ಒಂದೊಂದು ಮಾತು ಹಾಕುತ್ತಿದ್ದ.

ಶನಿವಾರ ಚರ್ಚಿನಲ್ಲಿ ಪಾಲಿನ್‌ಳ ಹೆಸರಿನಲ್ಲಿ ಜಡೆಯಂತೆ ಹೆಣೆದು ಬೇಯಿಸಿದ ಮೂರು ದುಂಡು ರೊಟ್ಟಿಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮೇಣದ ಬತ್ತಿ ಹಚ್ಚಿದ್ದರು. ಹಿಂದಿನ ಬೆಂಚಿನಲ್ಲಿ ಲಾಯ್ಡ್, ಹಾರ್ವಿ ಟೋಪಿ ತೆಗೆದು ಕೂತಿದ್ದರು. ಲಾಯ್ಡ್ ಬೇರೆ ಪಂಥದವನು, ಯಾವಾಗ ಏಳಬೇಕು, ಯಾವಾಗ ಕೂರಬೇಕು ಗೊತ್ತಿಲ್ಲ. ಹಾರ್ವಿ ಅವನ ಟೈ ಹಿಡಿದು ಏಳಿಸಿ ಕೂರಿಸುತ್ತಿದ್ದ. ಮುಂದಿನ ಬೆಂಚಿನಲ್ಲಿ ಅಕ್ಕ ತಮ್ಮ ಪಿಸುದನಿಯಲ್ಲಿ ಇನ್ನೂ ಜಗಳವಾಡುತ್ತಿದ್ದರು. ಚಾನೆಲ್‌ಗೆ ದೂರು ಬರೆಯಲೇಬೇಕೆಂದು ಅವಳು, ಬೇಡವೆಂದು ಇವನು. ಫಾದರ್ ಬೊಹ್ದಾನ್ ಧೂಪದ ಬಟ್ಟಲು ಹಿಡಿದು ಎರಡು ಸಲ ಕೆಮ್ಮಿದರು.

ಆಮೇಲೆ ಅವರು ಮೊದಲ ಸಾಲು ಹಾಡಿ ನಿಲ್ಲಿಸಿದರು.

ಸ್ಟೆಫಾನಿಯಾ ಹೇಳುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು ಕಣ್ಣು ಮುಚ್ಚಿದಳು, ಎರಡು ಬೆರಳೆತ್ತಿ ಎಲ್ಲರಿಗೂ ಉಸಿರೆಳೆಯುವ ಸನ್ನೆ ಕೊಟ್ಟು ಉತ್ತರ ಎತ್ತಿದಳು. ವಯಸ್ಸಾದ ದನಿ, ಅಂಚಿನಲ್ಲಿ ಸ್ವಲ್ಪ ಸವೆದಿತ್ತು. ಆದರೂ ಅದು ಎದ್ದ ಕೂಡಲೇ ಬೆಂಚಿನ ಮುದುಕರೆಲ್ಲ ಅದನ್ನು ಹಿಡಿದುಕೊಂಡು ಎದ್ದರು. ಪಾದ್ರಿ ಕೇಳಿದರು, ಜನ ಉತ್ತರ ಕೊಟ್ಟರು. ಮತ್ತೆ ಕೇಳಿದರು, ಮತ್ತೆ ಕೊಟ್ಟರು. ಪಾಲಿನ್‌ಳ ಹೆಸರು ಬಂದಾಗ ಒರೆಸ್ಟ್‌ಗೆ ಹಾಡಲಾಗಲಿಲ್ಲ. ಕಣ್ಣೀರು ಮೂಗಿನ ತುದಿಯವರೆಗೂ ಇಳಿಯಿತು.

ಎರಡು ಸಾಲುಗಳ ನಡುವಿನ ಬಿಡುವಿನಲ್ಲಿ ಅಕ್ಕ ಕಣ್ಣು ತೆರೆಯದೆಯೇ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು.

“ಮೂಗು ಒರೆಸ್ಕೊಂಡು ಹಾಡು. ಅವಳು ಕೇಳ್ತಿದಾಳೆ.”

ಒರೆಸ್ಟ್ ಕೋಟಿನ ತೋಳಿನಲ್ಲಿ ಮೂಗೊರೆಸಿಕೊಂಡು, ಎಂದಿನಂತೆ ಅರ್ಧ ಸ್ವರ ಕೆಳಗೆ, ಹಾಡಿದ.